ಹಾಕುವಾಗ ಜಾರಬೇಕು, ಹಾಕಿದ ಮೇಲೆ ಜಾರಬಾರದು: ಡರ್ಟ್ ಬೈಕಿಗೆ ಹೊಸ ಗ್ರಿಪ್ ಹಾಕುವ ಪಾಠ

ಕನ್ನಡ ಸಂಘದ ಗ್ರೂಪಿನಲ್ಲಿ "ಕವನಗಳು ಸಾಕಷ್ಟು ಬಂದಿವೆ, ಯಾರಾದ್ರೂ ಒಂದು ಟೆಕ್ನಿಕಲ್ ಲೇಖನ ಬರೀರಪ್ಪ" ಅಂತ ಮೆಸೇಜ್ ಬಂದಾಗ ನಮ್ಮ ರೂಮಿನಲ್ಲಿ ಒಂದೇ ವಿಷಯ ನೆನಪಾಯ್ತು. ಅದು ಗ್ರಿಪ್. ಬೈಕಿನ ಹ್ಯಾಂಡಲ್ ಮೇಲೆ ಇರೋ ರಬ್ಬರ್ ಹಿಡಿಕೆ. "ಇದರ ಬಗ್ಗೆ ಬರೆಯೋಕೆ ಏನಿದೆ?" ಅಂತ ನೀವು ಕೇಳಬಹುದು. ನಾವೂ ಹಾಗೇ ಅಂದುಕೊಂಡಿದ್ವಿ. ಹಾಗೆ ಅಂದುಕೊಂಡಿದ್ದಕ್ಕೇ ನಮ್ಮ ಗೆಳೆಯನ ಎಡಗೈ ಆರು ವಾರ ಪ್ಲಾಸ್ಟರಿನಲ್ಲಿತ್ತು.

ನಾವೆಲ್ಲ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟುದ್ದ ಬರೀತಾ ಇರೋದು ಹತ್ತನೇ ಕ್ಲಾಸಿನ ಪರೀಕ್ಷೆ ಆದಮೇಲೆ ಇದೇ ಮೊದಲು. ಕಾಗುಣಿತ ತಪ್ಪಿದ್ರೆ ಕ್ಷಮಿಸಿ. ಆದ್ರೆ ಅಳತೆ ಮತ್ತು ಕ್ರಮ ತಪ್ಪದ ಹಾಗೆ ನೋಡಿಕೊಂಡಿದ್ದೇವೆ.

ಮೊದಲು ನಡೆದದ್ದು

ನಮ್ಮ ಗೆಳೆಯನ ಹತ್ರ ಒಂದು ಸೆಕೆಂಡ್ ಹ್ಯಾಂಡ್ ಹೀರೋ ಇಂಪಲ್ಸ್ ಇದೆ. 2011ರಲ್ಲಿ ಮಾರ್ಕೆಟಿಗೆ ಬಂದ ಮಾಡೆಲ್. ಅಸಲಿ ಡರ್ಟ್ ಬೈಕ್ ಅಂದ್ರೆ ಹೆಡ್‌ಲೈಟು, ನಂಬರ್ ಪ್ಲೇಟು ಏನೂ ಇಲ್ಲದೆ ಟ್ರ್ಯಾಕಿನಲ್ಲಿ ಮಾತ್ರ ಓಡಿಸೋ ಗಾಡಿ. ಇಂಪಲ್ಸ್, ಎಕ್ಸ್‌ಪಲ್ಸ್ ತರಹದವು ರಸ್ತೆಗೂ ಮಣ್ಣಿಗೂ ಎರಡಕ್ಕೂ ಆಗುವಂಥವು. ಗ್ರಿಪ್ ಹಾಕುವ ವಿಚಾರಕ್ಕೆ ಬಂದ್ರೆ ಎರಡಕ್ಕೂ ಕೆಲಸ ಒಂದೇ.

ಹಳೇ ಗ್ರಿಪ್ ಸವೆದು ನುಣ್ಣಗಾಗಿತ್ತು. ಭಾನುವಾರ ಕ್ಯಾಂಪಸ್ ಹಿಂದಿನ ಗುಡ್ಡಕ್ಕೆ ಹೋಗೋ ಪ್ಲಾನ್. ಶನಿವಾರ ರಾತ್ರಿ ನಾವೇ ಹೊಸ ಗ್ರಿಪ್ ಹಾಕಲು ಕೂತ್ವಿ. ಒಣ ಹ್ಯಾಂಡಲ್ ಮೇಲೆ ಅದು ಅರ್ಧಕ್ಕೇ ನಿಂತುಹೋಯ್ತು. ಆಗ ನಮ್ಮಲ್ಲೊಬ್ಬನಿಗೆ ಐಡಿಯಾ ಬಂತು. ಮೆಸ್ಸಿನಿಂದ ಪಾತ್ರೆ ತೊಳೆಯೋ ಲಿಕ್ವಿಡ್ ತಂದು ಒಳಗೆ ಸುರಿದ. ಗ್ರಿಪ್ ಬೆಣ್ಣೆ ಥರ ಒಳಗೆ ಹೋಯ್ತು. ನಾವು ಚಪ್ಪಾಳೆ ಹೊಡೆದು ಫೋಟೋ ತೆಗೆದು ಸ್ಟೇಟಸ್ ಹಾಕಿದ್ವಿ.

ಮಾರನೇ ದಿನ ಗುಡ್ಡದ ಏರಿನಲ್ಲಿ, ಗೆಳೆಯ ಫುಟ್‌ಪೆಗ್ ಮೇಲೆ ನಿಂತು ಹ್ಯಾಂಡಲ್ ಜಗ್ಗಿ ಹಿಡಿದಾಗ ಎಡಗಡೆ ಗ್ರಿಪ್ ಪೂರ್ತಿ ಕಳಚಿ ಅವನ ಕೈಗೇ ಬಂತು. ಬೈಕು ಬಲಕ್ಕೆ ತಿರುಗಿತು, ಅವನು ಎಡಕ್ಕೆ ಬಿದ್ದ. ವೇಗ ಕಡಿಮೆ ಇತ್ತು, ಹೆಲ್ಮೆಟ್ ಇತ್ತು. ಆದ್ರೂ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ನಾವು ಓಡಿಹೋಗಿ ನೋಡಿದಾಗ ಗ್ರಿಪ್ ಇನ್ನೂ ಅವನ ಕೈಯಲ್ಲೇ ಇತ್ತು, ಒಳಗೆ ಸೋಪು ಹಸಿಯಾಗೇ ಇತ್ತು.

ಗ್ರಿಪ್ ಹಾಕಿದ್ದು ನಾವು, ಬಿದ್ದದ್ದು ಅವನು. ಈ ಲೇಖನ ಬರೆಯೋಕೆ ಕಾರಣ ಅದೇ.

ಬೈಕನ್ನು ಊರಿನ ಗ್ಯಾರೇಜಿಗೆ ತಳ್ಳಿಕೊಂಡು ಹೋದಾಗ ಅಲ್ಲಿನ ಅಣ್ಣ ಗ್ರಿಪ್ ಒಳಗೆ ಬೆರಳು ಹಾಕಿ ಮೂಸಿ ನೋಡಿದ್ರು. "ಏನ್ರಪ್ಪಾ ಇಂಜಿನಿಯರ್ಸು, ನಿಂಬೆಹಣ್ಣಿನ ವಾಸನೆ ಬರ್ತಿದೆ?" ಅಂದ್ರು. ಸೋಪು ಹಾಕಿದ ಕತೆ ಹೇಳಿದ್ವಿ. "ಹಾಕುವಾಗ ಜಾರಬೇಕು ನಿಜ. ಹಾಕಿದ ಮೇಲೂ ಜಾರಿದ್ರೆ ಏನ್ ಮಾಡ್ತೀರಾ?" ಅಂದ್ರು. ನಮ್ಮ ಹತ್ರ ಉತ್ತರ ಇರಲಿಲ್ಲ. ಇಡೀ ಪಾಠ ಆ ಒಂದು ಪ್ರಶ್ನೆಯಲ್ಲೇ ಇದೆ.

ಮಣ್ಣಿನಲ್ಲಿ ಗ್ರಿಪ್ ಯಾಕೆ ಇಷ್ಟು ಮುಖ್ಯ

ರಸ್ತೆಯಲ್ಲಿ ನಾವು ಸೀಟಿನ ಮೇಲೆ ಕೂತಿರ್ತೀವಿ. ಕೈ ಬರೀ ದಿಕ್ಕು ತೋರಿಸುತ್ತೆ. ಮಣ್ಣಿನ ದಾರಿಯಲ್ಲಿ ಹಾಗಲ್ಲ. ಹಳ್ಳ ದಿಣ್ಣೆ ಬಂದಾಗ ಫುಟ್‌ಪೆಗ್ ಮೇಲೆ ನಿಂತೇ ಓಡಿಸಬೇಕು. ಆಗ ಗಾಡಿಗೂ ನಮಗೂ ಇರೋ ಸಂಪರ್ಕ ಎರಡು ಪಾದ, ಎರಡು ಕೈ ಮಾತ್ರ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಾಕರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಇಂಥ ರ‍್ಯಾಲಿಗಳಲ್ಲಿ ಮರಳು, ಕಲ್ಲಿನ ಮೇಲೆ ಗಂಟೆಗಟ್ಟಲೆ ನಿಂತು ಓಡಿಸಬೇಕು. ಅಷ್ಟೂ ಹೊತ್ತು ಕೈಗೆ ಸಿಗೋದು ಈ ಎರಡು ರಬ್ಬರ್ ತುಂಡುಗಳೇ.

ಏರಿನಲ್ಲಿ ದೇಹ ಹಿಂದಕ್ಕೆ ಎಳೆಯುತ್ತೆ. ಬೈಕು ಮುಂದಕ್ಕೆ ನುಗ್ಗುತ್ತೆ. ಆ ಎಳೆತ ಪೂರ್ತಿ ಗ್ರಿಪ್ ಮೇಲೆ ಬೀಳುತ್ತೆ.

ಸ್ವಲ್ಪ ಲೆಕ್ಕ

ಮೂರನೇ ಸೆಮ್‌ನಲ್ಲಿ ಮೆಕ್ಯಾನಿಕ್ಸ್ ಆಫ್ ಮೆಟೀರಿಯಲ್ಸ್ ಓದುವಾಗ ಥಿನ್ ಸಿಲಿಂಡರ್ ಫಾರ್ಮುಲಾ ಬರುತ್ತಲ್ವಾ, ಅದು ಇಲ್ಲಿ ಉಪಯೋಗಕ್ಕೆ ಬಂತು. ಗ್ರಿಪ್ ನಿಜವಾಗಿ ಅಷ್ಟು ತೆಳು ಅಲ್ಲ, ಹಾಗಾಗಿ ಇದು ಅಂದಾಜು ಲೆಕ್ಕ. ಆದ್ರೆ ಅಂದಾಜೇ ಸಾಕಷ್ಟು ಕಲಿಸುತ್ತೆ.

ಹ್ಯಾಂಡಲ್‌ಬಾರಿನ ತುದಿಯ ಹೊರವ್ಯಾಸ 22.2 ಮಿ.ಮೀ. ಇದು ಒಂದು ಇಂಚಿನ ಎಂಟನೇ ಏಳು ಭಾಗ. ಮಧ್ಯದಲ್ಲಿ 28.6 ಮಿ.ಮೀ. ದಪ್ಪ ಇರೋ ಟೇಪರ್ ಬಾರುಗಳಲ್ಲೂ ಗ್ರಿಪ್ ಕೂರೋ ಜಾಗ 22.2 ಮಿ.ಮೀ. ಇರುತ್ತೆ. ನಮ್ಮ ಹೊಸ ಗ್ರಿಪ್ಪಿನ ಒಳವ್ಯಾಸ ವರ್ನಿಯರ್‌ನಲ್ಲಿ ಸುಮಾರು 21.5 ಮಿ.ಮೀ. ಬಂತು. ಅಂದ್ರೆ ರಬ್ಬರು 0.7 ಮಿ.ಮೀ. ಹಿಗ್ಗಿಕೊಂಡು ಕೂರಬೇಕು. ಇದೇ ಇಂಟರ್‌ಫಿಯರೆನ್ಸ್ ಫಿಟ್.

ಸ್ಟ್ರೇನ್ ಅಂದ್ರೆ 0.7 ಭಾಗ 21.5, ಸುಮಾರು 3.3 ಶೇಕಡಾ. ಮೆದು ರಬ್ಬರಿನ ಯಂಗ್ಸ್ ಮಾಡ್ಯುಲಸ್ 2.5 ಮೆಗಾಪ್ಯಾಸ್ಕಲ್ ಅಂತ ಹಿಡಿದ್ರೆ ಸ್ಟ್ರೆಸ್ ಸುಮಾರು 0.08 ಮೆಗಾಪ್ಯಾಸ್ಕಲ್. ರಬ್ಬರಿನ ದಪ್ಪ 4 ಮಿ.ಮೀ., ತ್ರಿಜ್ಯ ಸುಮಾರು 11 ಮಿ.ಮೀ. ಒತ್ತಡ ಅಂದ್ರೆ ಸ್ಟ್ರೆಸ್ ಗುಣಿಸು ದಪ್ಪ ಭಾಗಿಸು ತ್ರಿಜ್ಯ. ಉತ್ತರ 0.029 ಮೆಗಾಪ್ಯಾಸ್ಕಲ್. ಗ್ರಿಪ್ ಉದ್ದ 120 ಮಿ.ಮೀ. ಆದ್ರೆ ತಾಗುವ ಮೇಲ್ಮೈ ಸುಮಾರು 8365 ಚದರ ಮಿ.ಮೀ. ಹಾಗಾಗಿ ರಬ್ಬರು ಬಾರನ್ನು ಅಪ್ಪಿ ಒತ್ತುವ ಒಟ್ಟು ಬಲ ಸುಮಾರು 243 ನ್ಯೂಟನ್.

ಈಗ ಘರ್ಷಣೆ. ಒಣ ರಬ್ಬರು, ಒಣ ಲೋಹ ಇದ್ದಾಗ ಘರ್ಷಣಾಂಕ 0.8 ಅಂತ ಹಿಡಿಯೋಣ. ಗ್ರಿಪ್ ಕಳಚೋಕೆ ಬೇಕಾದ ಎಳೆತ ಸುಮಾರು 194 ನ್ಯೂಟನ್. ಅಂದ್ರೆ 20 ಕೆ.ಜಿ. ತೂಕದಷ್ಟು. ಮಧ್ಯೆ ಸೋಪಿನ ಪದರ ಇದ್ರೆ ಘರ್ಷಣಾಂಕ 0.15ಕ್ಕೆ ಇಳಿಯಿತು ಅಂತ ಇಟ್ಟುಕೊಳ್ಳಿ. ಎಳೆತ ಬರೀ 36 ನ್ಯೂಟನ್. ನಾಲ್ಕು ಕೆ.ಜಿ.ಗಿಂತ ಕಡಿಮೆ! ನೀರು ತುಂಬಿದ ಬಕೆಟ್ ಎತ್ತುವಷ್ಟು ಬಲವೂ ಬೇಡ.

ಈ ಲೆಕ್ಕದಿಂದ ಎರಡು ವಿಷಯ ಗೊತ್ತಾಗುತ್ತೆ. ಒಂದು, ಸೋಪು ಹಾಕಿದ ನಾವು ಪೆದ್ದರು. ಎರಡು, ಸೋಪು ಹಾಕದೇ ಇದ್ರೂ ಬರೀ ಫಿಟ್ ಸಾಲದು. 65 ಕೆ.ಜಿ. ಹುಡುಗ ಏರಿನಲ್ಲಿ ಹಿಂದಕ್ಕೆ ಜಗ್ಗಿದ್ರೆ ಒಂದೊಂದು ಕೈ ಮೇಲೆ 20 ಕೆ.ಜಿ. ಬೀಳೋದು ದೊಡ್ಡ ಮಾತಲ್ಲ. ಅದಕ್ಕೇ ಡರ್ಟ್ ಬೈಕಿನಲ್ಲಿ ಫಿಟ್, ಅಂಟು, ತಂತಿ ಅಂತ ಮೂರು ಬಂದೋಬಸ್ತು ಇರುತ್ತೆ.

"ಸೋಪು ಒಣಗುತ್ತಲ್ವಾ?" ಅಂತ ನಮ್ಮಲ್ಲೇ ವಾದ ಆಯ್ತು. ಗ್ರಿಪ್ಪಿನ ಒಳಗೆ ಗಾಳಿ ಆಡಲ್ಲ. ತುದಿ ಮುಚ್ಚಿರುತ್ತೆ. ನೀರು ಹೊರಗೆ ಹೋಗಲು ದಾರಿಯೇ ಇಲ್ಲ. ಎಷ್ಟೋ ದಿನದ ಮೇಲೆ ಒಣಗಿದ್ರೂ ಸೋಪಿನ ಪುಡಿ ಅಲ್ಲೇ ಉಳಿಯುತ್ತೆ, ಮೊದಲ ಮಳೆಗೆ ಮತ್ತೆ ಜಾರುತ್ತೆ. ಕೊಬ್ಬರಿ ಎಣ್ಣೆ, ಗ್ರೀಸು, ತುಕ್ಕು ಬಿಡಿಸೋ ಸ್ಪ್ರೇ ಇವಂತೂ ಇನ್ನೂ ಕೆಟ್ಟವು. ಅವು ಒಣಗೋದೇ ಇಲ್ಲ. ಪೆಟ್ರೋಲಿಯಂ ಎಣ್ಣೆ ರಬ್ಬರನ್ನೇ ಉಬ್ಬಿಸಿ ಮೆತ್ತಗೆ ಮಾಡುತ್ತೆ.

ಹಾಗಾದ್ರೆ ಹಾಕುವಾಗ ಏನು ಬಳಸಬೇಕು? ಮೊದಲು ಜಾರಿಸಿ ಆಮೇಲೆ ಮಾಯ ಆಗುವಂಥದ್ದು, ಇಲ್ಲಾ ಗಟ್ಟಿಯಾಗುವಂಥದ್ದು. ಸ್ಪಿರಿಟ್, ಅಂದ್ರೆ ಐಸೋಪ್ರೊಪೈಲ್ ಆಲ್ಕೋಹಾಲ್, ಬೇಗ ಆರಿಹೋಗುತ್ತೆ. ಹೇರ್ ಸ್ಪ್ರೇ ಹಸಿ ಇದ್ದಾಗ ಜಾರಿಸುತ್ತೆ, ಒಣಗಿದ ಮೇಲೆ ಅಂಟುತ್ತೆ. ಗ್ರಿಪ್ ಗ್ಲೂ ಅಂತಲೇ ಸಿಗೋ ಅಂಟು ಎಲ್ಲಕ್ಕಿಂತ ಒಳ್ಳೇದು. ಹಸಿ ಇದ್ದಾಗ ಅದೇ ಜಾರಿಸುತ್ತೆ, ಗಟ್ಟಿಯಾದ ಮೇಲೆ ಅದೇ ಹಿಡಿಯುತ್ತೆ.

ಕೊಳ್ಳುವಾಗ ನೋಡಬೇಕಾದದ್ದು

ಗ್ರಿಪ್ ಜೋಡಿಯಾಗಿ ಬರುತ್ತೆ. ಆದ್ರೆ ಎರಡೂ ಒಂದೇ ಅಳತೆ ಅಲ್ಲ. ಎಡಗಡೆಯದು ನೇರವಾಗಿ ಬಾರಿನ ಮೇಲೆ ಕೂರುತ್ತೆ. ಬಲಗಡೆಯದು ಬಾರಿನ ಮೇಲೆ ತಿರುಗುವ ಪ್ಲಾಸ್ಟಿಕ್ ಕೊಳವೆ, ಅಂದ್ರೆ ಥ್ರಾಟಲ್ ಟ್ಯೂಬ್ ಮೇಲೆ ಕೂರುತ್ತೆ. ಅದಕ್ಕೇ ಬಲಗಡೆ ಗ್ರಿಪ್ಪಿನ ತೂತು ದೊಡ್ಡದು. ಅದನ್ನು ಎಡಕ್ಕೆ ಹಾಕಿದ್ರೆ ಎಷ್ಟು ಅಂಟು ಹಾಕಿದ್ರೂ ಲಟಪಟ ಅನ್ನುತ್ತೆ.

ರಬ್ಬರು ಮೆದು, ಮಧ್ಯಮ, ಗಟ್ಟಿ ಅಂತ ಸಿಗುತ್ತೆ. ಮೆದುವಾದದ್ದು ಕಂಪನ ಹೀರುತ್ತೆ, ಬೇಗ ಸವೆಯುತ್ತೆ. ಗಟ್ಟಿಯಾದದ್ದು ಬಾಳಿಕೆ ಬರುತ್ತೆ, ಕೈ ಜೋಮು ಹಿಡಿಸುತ್ತೆ. ನಾವು ಮಧ್ಯಮ ತಗೊಂಡ್ವಿ.

ದಪ್ಪಾನೂ ಕೈಗೆ ಸರಿ ಇರಬೇಕು. ಹಿಡಿದಾಗ ಬೆರಳ ತುದಿ ಅಂಗೈನ ಬುಡಕ್ಕೆ ಹತ್ತಿರ ಬರಬೇಕು. ತೀರಾ ದಪ್ಪ ಇದ್ರೂ, ತೀರಾ ತೆಳು ಇದ್ರೂ ಮುಂಗೈ ಸ್ನಾಯು ಬೇಗ ಬಿಗಿದುಕೊಳ್ಳುತ್ತೆ. ಮುಂಗೈ ಕಲ್ಲಾದ ಮೇಲೆ ಬ್ರೇಕು ಕ್ಲಚ್ಚು ಹಿಡಿಯೋಕೂ ಆಗಲ್ಲ.

ಅಂಟು ತಂತಿ ರಗಳೆ ಬೇಡ ಅನ್ನುವವರಿಗೆ ಲಾಕ್ ಆನ್ ಗ್ರಿಪ್ ಅಂತ ಇದೆ. ತುದಿಯಲ್ಲಿ ಲೋಹದ ರಿಂಗು, ಅಲೆನ್ ಕೀಯಲ್ಲಿ ಬಿಗಿ ಮಾಡಿದ್ರೆ ಮುಗೀತು. ಬೆಲೆ ಜಾಸ್ತಿ, ಒಳಗೆ ಗಟ್ಟಿ ಪ್ಲಾಸ್ಟಿಕ್ ತೋಳು ಇರೋದ್ರಿಂದ ಮೆತ್ತನೆ ಸ್ವಲ್ಪ ಕಡಿಮೆ. ಹಾಸ್ಟೆಲ್ ಬಜೆಟ್ಟಿಗೆ ನಮಗೆ ಸಾದಾ ಗ್ರಿಪ್ಪೇ ಗತಿ.

ಬೇಕಾದ ಸಾಮಾನು

ಹೊಸ ಗ್ರಿಪ್ ಜೋಡಿ, ಗ್ರಿಪ್ ಗ್ಲೂ, ಸ್ಪಿರಿಟ್, ಹಳೇ ಕಾಟನ್ ಬಟ್ಟೆ, ಬ್ಲೇಡು ಇರೋ ಕಟ್ಟರ್, ನೈಸ್ ಮರಳು ಕಾಗದ, ಕಟಿಂಗ್ ಪ್ಲೇಯರ್, ತೆಳು ಸ್ಟೇನ್‌ಲೆಸ್ ಸ್ಟೀಲ್ ತಂತಿ. ತಂತಿ 0.6ರಿಂದ 0.8 ಮಿ.ಮೀ. ಇದ್ರೆ ಚೆನ್ನ. ಸೆಂಟ್ರಿಂಗ್ ಕೆಲಸದವರು ಕಂಬಿ ಕಟ್ಟೋ ಬೈಂಡಿಂಗ್ ವೈರ್ ಬೇಡ. ಅದು ದಪ್ಪ, ತುಕ್ಕು ಹಿಡಿಯುತ್ತೆ, ತುಕ್ಕು ಹಿಡಿದ ತಂತಿ ಕೈಗೆ ಚುಚ್ಚಿದ್ರೆ ಇಂಜೆಕ್ಷನ್ ಖರ್ಚು ಬೇರೆ.

ಕ್ವಿಕ್ ಗಮ್ ಕೂಡ ಬೇಡ. ಗ್ರಿಪ್ ಅರ್ಧ ಹೋಗುವಷ್ಟರಲ್ಲೇ ಹಿಡಿದುಬಿಡುತ್ತೆ. ಹಿಡಿದ ಮೇಲೆ ಗಾಜಿನ ಥರ ಪೆಡಸು, ಕಂಪನಕ್ಕೆ ಒಡೆಯುತ್ತೆ.

ಹಂತ 1: ಹಳೇದನ್ನು ತೆಗೆಯೋದು

ಹಳೇ ಗ್ರಿಪ್ ಮತ್ತೆ ಬೇಡ ಅಂದ್ರೆ ಉದ್ದಕ್ಕೆ ಸೀಳಿ ತೆಗೆಯಿರಿ. ಕಟ್ಟರ್ ನಿಮ್ಮಿಂದ ಆಚೆಗೆ ಹೋಗೋ ಹಾಗೆ ಹಿಡೀರಿ. ಒಂದೇ ಸಲ ಆಳಕ್ಕೆ ಇಳಿಸಬೇಡಿ. ಮೇಲೆ ಮೇಲೆ ಎರಡು ಮೂರು ಸಲ ಗೀರಿ, ಆಮೇಲೆ ಬೆರಳಿನಲ್ಲಿ ಬಿಡಿಸಿ. ಯಾಕೆ ಅಂದ್ರೆ ಅಲ್ಯುಮಿನಿಯಂ ಬಾರಿನ ಮೇಲೆ ಬೀಳೋ ಆಳದ ಗೀರು ಒಂದು ನಾಚ್. ಸ್ಟ್ರೆಸ್ ಅಲ್ಲೇ ಸೇರಿಕೊಳ್ಳುತ್ತೆ, ಫಟೀಗ್ ಬಿರುಕು ಅಲ್ಲಿಂದಲೇ ಶುರುವಾಗಬಹುದು. ಬಲಗಡೆ ಇನ್ನೂ ಹುಷಾರು. ಅಲ್ಲಿ ಕೆಳಗಿರೋದು ಪ್ಲಾಸ್ಟಿಕ್ ಟ್ಯೂಬ್, ಬ್ಲೇಡ್ ಸುಲಭವಾಗಿ ಇಳಿದುಬಿಡುತ್ತೆ.

ಹಳೇದನ್ನು ಉಳಿಸಿಕೊಳ್ಳಬೇಕು ಅಂದ್ರೆ ಪಂಕ್ಚರ್ ಅಂಗಡಿಗೆ ಹೋಗಿ. ಗ್ರಿಪ್ಪಿನ ಅಂಚಿನಲ್ಲಿ ಗಾಳಿ ಗನ್ನಿನ ಮೂತಿ ಇಟ್ಟು ಒತ್ತಿದ್ರೆ ಗ್ರಿಪ್ ಬಲೂನಿನಂತೆ ಉಬ್ಬಿ ಬಾರಿನಿಂದ ಮೇಲೆ ಏಳುತ್ತೆ. ಆಗ ಎಳೆದ್ರೆ ಬಂದುಬಿಡುತ್ತೆ. ಹೊಸದನ್ನು ಕೂರಿಸೋಕೂ ಇದೇ ಉಪಾಯ ನಡೆಯುತ್ತೆ. ಕೆಲಸ ಆದಮೇಲೆ ಗಾಳಿ ಹೊರಟುಹೋಗುತ್ತೆ, ಏನೂ ಉಳಿಯಲ್ಲ.

ಹಂತ 2: ಸ್ವಚ್ಛ ಮಾಡೋದು

ಬೇಸರದ ಕೆಲಸ ಇದೇ. ಅರ್ಧ ಫಲಿತಾಂಶ ಇರೋದೂ ಇದರಲ್ಲೇ. ಹಳೇ ಅಂಟಿನ ಗಂಟುಗಳನ್ನು ಮರಳು ಕಾಗದದಲ್ಲಿ ಉಜ್ಜಿ ತೆಗೆಯಿರಿ. ಸ್ಪಿರಿಟ್ ಹಾಕಿದ ಬಟ್ಟೆಯಲ್ಲಿ ಬಾರನ್ನು ಎರಡು ಸಲ ಒರೆಸಿ. ಎರಡನೇ ಸಲ ಬಟ್ಟೆ ಬೆಳ್ಳಗೇ ಉಳೀಬೇಕು. ಹೊಸ ಗ್ರಿಪ್ಪಿನ ಒಳಗೂ ಒರೆಸಿ. ಕಾರ್ಖಾನೆಯಲ್ಲಿ ಅಚ್ಚಿನಿಂದ ಬಿಡಿಸಲು ಹಾಕಿದ ಜಿಡ್ಡು ಒಳಗೆ ಇರಬಹುದು.

ಬಲಗಡೆ ಥ್ರಾಟಲ್ ಟ್ಯೂಬನ್ನು ಕಳಚಿ ಅದರ ಒಳಭಾಗ, ಅದರ ಕೆಳಗಿನ ಬಾರು ಎರಡನ್ನೂ ಒಣ ಬಟ್ಟೆಯಲ್ಲಿ ಒರೆಸಿ. ಅಲ್ಲಿ ಎಣ್ಣೆ ಹಾಕಬೇಡಿ, ಎಣ್ಣೆಗೆ ಕೆಂಪು ಮಣ್ಣು ಅಂಟಿ ಪೇಸ್ಟ್ ಆಗುತ್ತೆ. ಬಾರಿನ ತುದಿಯಲ್ಲಿ ಹರಿತವಾದ ಅಂಚು ಇದ್ರೆ ಫೈಲಿನಲ್ಲಿ ಉಜ್ಜಿ ನಯ ಮಾಡಿ. ಹಿಂದೆ ಬಿದ್ದ ಗಾಡಿಗಳಲ್ಲಿ ಇದು ಇದ್ದೇ ಇರುತ್ತೆ.

ಹಂತ 3: ಎಡಗಡೆ ಗ್ರಿಪ್

ಅಂಟು ಹಚ್ಚೋ ಮುಂಚೆ ಗ್ರಿಪ್ಪಿನ ಮೇಲಿನ ಡಿಸೈನ್ ಯಾವ ಕಡೆ ಬರಬೇಕು ಅಂತ ನೋಡಿಕೊಳ್ಳಿ. ಹಾಫ್ ವೇಫಲ್ ಅಂತ ಬರೋ ಗ್ರಿಪ್ಪಿನಲ್ಲಿ ಚೌಕ ಚೌಕ ಇರೋ ಭಾಗ ಬೆರಳಿನ ಕಡೆ, ನಯವಾದ ಭಾಗ ಅಂಗೈ ಕಡೆ. ತಂತಿ ಕೂರೋಕೆ ಇರೋ ಗೀರುಗಳನ್ನೂ ಗುರುತು ಮಾಡಿಕೊಳ್ಳಿ.

ಆಮೇಲೆ ಬಾರಿನ ಮೇಲೆ ಸುತ್ತಲೂ ತೆಳುವಾಗಿ ಅಂಟು, ಗ್ರಿಪ್ಪಿನ ಬಾಯಿಯ ಒಳಗೂ ಸ್ವಲ್ಪ. ಒಂದು ಕೈಯಲ್ಲಿ ಗ್ರಿಪ್ಪಿನ ತುದಿ ಒತ್ತುತ್ತಾ, ಇನ್ನೊಂದು ಕೈಯಲ್ಲಿ ಬುಡ ಹಿಡಿದು ತಿರುಚುತ್ತಾ ಒಂದೇ ಉಸಿರಿಗೆ ಒಳಗೆ ತಳ್ಳಿ. ಮಧ್ಯದಲ್ಲಿ ಫೋಟೋ ತೆಗೆಯೋಕೆ ನಿಲ್ಲಬೇಡಿ. ಪೂರ್ತಿ ಕೂತ ಮೇಲೆ ಡಿಸೈನ್ ಸರಿ ದಿಕ್ಕಿಗೆ ತಿರುಗಿಸಿ, ಹೊರಬಂದ ಅಂಟನ್ನು ಒರೆಸಿ.

ಹಂತ 4: ಬಲಗಡೆ ಗ್ರಿಪ್

ಇಲ್ಲಿ ತಪ್ಪಿದ್ರೆ ಎಡಗಡೆಗಿಂತ ಹೆಚ್ಚು ಅಪಾಯ. ಎಡಗಡೆ ಗ್ರಿಪ್ ಸಡಿಲ ಆದ್ರೆ ನೀವು ಬೀಳ್ತೀರಿ. ಬಲಗಡೆ ಗ್ರಿಪ್ ಎಲ್ಲಾದರೂ ಸಿಕ್ಕಿಕೊಂಡ್ರೆ ಎಕ್ಸಲೇಟರ್ ವಾಪಸ್ ಬರಲ್ಲ, ಗಾಡಿ ನಿಮ್ಮನ್ನು ಎಳೆದುಕೊಂಡು ಹೋಗುತ್ತೆ.

ಥ್ರಾಟಲ್ ಟ್ಯೂಬಿನ ಮೇಲೆ ಉದ್ದಕ್ಕೆ ಏಣುಗಳು ಇರುತ್ತವೆ. ಗ್ರಿಪ್ಪಿನ ಒಳಗೂ ಅದಕ್ಕೆ ಹೊಂದುವ ಗೀರುಗಳಿದ್ರೆ ಅವನ್ನು ಒಂದಕ್ಕೊಂದು ಸೇರಿಸಿ. ಕೆಲವು ಗ್ರಿಪ್‌ಗಳಿಗೆ ಏಣು ಉಜ್ಜಿ ತೆಗೆಯಬೇಕು ಅಂತ ಪ್ಯಾಕೆಟ್ ಮೇಲೆಯೇ ಬರೆದಿರುತ್ತೆ. ಓದದೆ ಉಜ್ಜಬೇಡಿ.

ಅಂಟನ್ನು ಟ್ಯೂಬಿನ ಹೊರಗೆ ಮಾತ್ರ ಹಚ್ಚಿ. ಒಂದು ತೊಟ್ಟೂ ಟ್ಯೂಬ್ ಮತ್ತು ಬಾರಿನ ಮಧ್ಯೆ ಇಳೀಬಾರದು. ಸಾಧ್ಯ ಆದ್ರೆ ಟ್ಯೂಬನ್ನು ಹೊರಗೆ ತೆಗೆದಿಟ್ಟುಕೊಂಡೇ ಗ್ರಿಪ್ ಹಾಕಿ, ಆಮೇಲೆ ಬಾರಿಗೆ ಸೇರಿಸಿ.

ಗ್ರಿಪ್ಪಿನ ಬುಡಕ್ಕೂ ಥ್ರಾಟಲ್ ಕೇಬಲ್ ಇರೋ ಡಬ್ಬಿಗೂ ನಡುವೆ 1ರಿಂದ 2 ಮಿ.ಮೀ. ಸಂದು ಬಿಡಿ. ಗ್ರಿಪ್ಪಿನ ಮುಚ್ಚಿದ ತುದಿ ಬಾರಿನ ತುದಿಗೆ ಒತ್ತಬಾರದು, ಅಲ್ಲೂ ಅಷ್ಟೇ ಸಂದು. ಹ್ಯಾಂಡ್ ಗಾರ್ಡ್ ಇದ್ರೆ ಗ್ರಿಪ್ಪಿನ ತುದಿಯಲ್ಲಿ ನೀಟಾಗಿ ತೂತು ಕೊರೀಬೇಕಾಗುತ್ತೆ.

ನಮ್ಮ ಎರಡನೇ ಪ್ರಯತ್ನದಲ್ಲಿ ಇದೇ ತಪ್ಪು ಮಾಡಿದ್ವಿ. ಎಡಗಡೆ ಕಳಚಿದ ಭಯಕ್ಕೆ ಬಲಗಡೆಯದನ್ನು ಗಟ್ಟಿಯಾಗಿ ಒಳಗೆ ಒತ್ತಿಬಿಟ್ವಿ. ರೇಸ್ ಕೊಟ್ಟು ಬಿಟ್ರೆ ಎಕ್ಸಲೇಟರ್ ಅಲ್ಲೇ ನಿಂತಿತು. ಎಂಜಿನ್ ಆಫ್ ಇತ್ತು, ಗಾಡಿ ಸ್ಟ್ಯಾಂಡ್ ಮೇಲಿತ್ತು. ಅದಕ್ಕೇ ಇದನ್ನು ನಿಮಗೆ ನಗುತ್ತಾ ಹೇಳ್ತಿದ್ದೀವಿ.

ಹಂತ 5: ತಂತಿ ಕಟ್ಟೋದು

ಬುಡದ ಹತ್ರ ಒಂದು, ಮಧ್ಯದಲ್ಲಿ ಒಂದು, ತುದಿ ಕಡೆ ಒಂದು. ಗ್ರಿಪ್ಪಿನ ಮೇಲೆ ಗೀರು ಎಲ್ಲಿದೆಯೋ ಅಲ್ಲೇ ಕಟ್ಟಿ. ತಂತಿಯನ್ನು ಸುತ್ತಿ, ಎರಡು ತುದಿ ಸೇರಿಸಿ ಪ್ಲೇಯರ್‌ನಲ್ಲಿ ಎಳೆಯುತ್ತಾ ತಿರುಚಿ. ತಂತಿ ರಬ್ಬರಿನೊಳಗೆ ಸ್ವಲ್ಪ ಇಳಿಯಬೇಕು, ರಬ್ಬರು ಕತ್ತರಿಸುವಷ್ಟು ಬೇಡ. ಆರೇಳು ತಿರುಚು ಆದಮೇಲೆ 5 ಮಿ.ಮೀ. ಬಿಟ್ಟು ಕತ್ತರಿಸಿ. ಉಳಿದ ಮೊನೆಯನ್ನು ಬಗ್ಗಿಸಿ ರಬ್ಬರಿನೊಳಗೆ ಒತ್ತಿ. ಮೊನೆ ಅಂಗೈಗೂ ಬೆರಳಿಗೂ ತಾಗದ ಜಾಗದಲ್ಲಿರಲಿ. ಒಮ್ಮೆ ಗ್ಲೌಸ್ ಹಾಕಿ ಹಿಡಿದು ನೋಡಿ, ನೂಲು ಸಿಕ್ಕಿಕೊಂಡ್ರೆ ಮೊನೆ ಹೊರಗಿದೆ ಅಂತ ಅರ್ಥ.

ಹಂತ 6: ಕಾಯೋದು

ಎಲ್ಲರೂ ಬಿಡೋ ಹಂತ ಇದು. ಅಂಟಿನ ಟ್ಯೂಬ್ ಮೇಲೆ ಎಷ್ಟು ಹೊತ್ತು ಬರೆದಿದೆಯೋ ಅಷ್ಟು ಬಿಡಿ. ನಾವು ಪೂರ್ತಿ 24 ಗಂಟೆ ಬಿಟ್ವಿ. ಮಳೆಗಾಲದಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಬಿಡೋದು ಒಳ್ಳೇದು. ನಾಳೆ ಬೆಳಗ್ಗೆ ರೈಡ್ ಇದ್ರೆ ಇವತ್ತು ರಾತ್ರಿ ಗ್ರಿಪ್ ಹಾಕಬೇಡಿ. ನಮ್ಮ ಶನಿವಾರದ ಇನ್ನೊಂದು ತಪ್ಪು ಅದೇ.

ಓಡಿಸೋ ಮುಂಚೆ ನಾಲ್ಕು ಪರೀಕ್ಷೆ

ಒಂದು. ಎಂಜಿನ್ ಆಫ್ ಇರಲಿ. ಎಕ್ಸಲೇಟರ್ ಪೂರ್ತಿ ತಿರುಗಿಸಿ ಕೈ ಬಿಡಿ. ಟಕ್ ಅಂತ ತಾನೇ ವಾಪಸ್ ಬರಬೇಕು. ಹ್ಯಾಂಡಲ್ ನೇರ, ಪೂರ್ತಿ ಎಡ, ಪೂರ್ತಿ ಬಲ, ಮೂರರಲ್ಲೂ ಮಾಡಿ.

ಎರಡು. ಎಕ್ಸಲೇಟರಿನ ಫ್ರೀ ಪ್ಲೇ ನೋಡಿ. ಕೇಬಲ್ ಎಳೆಯೋಕೆ ಶುರುವಾಗೋ ಮುಂಚೆ ಗ್ರಿಪ್ ಕೆಲವು ಮಿ.ಮೀ. ಸುಮ್ಮನೆ ತಿರುಗಬೇಕು. ಸಾಮಾನ್ಯವಾಗಿ 2ರಿಂದ 6 ಮಿ.ಮೀ. ಒಳಗೆ ಇರುತ್ತೆ, ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಇರೋದೇ ಸರಿ ಅಳತೆ.

ಮೂರು. ಗಾಡಿ ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಶುರು ಮಾಡಿ. ಎಕ್ಸಲೇಟರ್ ಮುಟ್ಟದೆ ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ. ಎಂಜಿನ್ ಸದ್ದು ಏರಿದ್ರೆ ಕೇಬಲ್ ಎಲ್ಲೋ ಎಳೆದುಕೊಳ್ಳುತ್ತಿದೆ. ಅಂಥ ಗಾಡಿ ಓಡಿಸಬೇಡಿ.

ನಾಲ್ಕು. ಎರಡೂ ಗ್ರಿಪ್ಪನ್ನು ಪೂರ್ತಿ ಬಲ ಹಾಕಿ ತಿರುಚಿ, ಹೊರಗೆ ಎಳೆಯಿರಿ. ಕೂದಲೆಳೆಯಷ್ಟು ಸರಿದ್ರೂ ಮತ್ತೆ ಹಂತ ಒಂದಕ್ಕೆ ಹೋಗಿ.

ಬಾರಿನ ತುದಿ ತೆರೆದಿದ್ರೆ ಪ್ಲಗ್ಗೋ, ಬಾರ್ ಎಂಡ್ ವೇಟೋ ಹಾಕಿ. ಬಿದ್ದಾಗ ತೆರೆದ ಕೊಳವೆ ತೊಡೆಗೋ ಹೊಟ್ಟೆಗೋ ತಾಗಿದ್ರೆ ವೃತ್ತಾಕಾರವಾಗಿ ಕೊಯ್ದುಬಿಡುತ್ತೆ. ಗ್ರಿಪ್ಪಿನ ತುದಿ ಹರಿದು ಬಾರು ಕಾಣ್ತಿದ್ರೂ ಗ್ರಿಪ್ ಬದಲಾಯಿಸೋ ಕಾಲ ಬಂತು ಅಂತಲೇ ಅರ್ಥ.

ಕೊನೆಗೆ

ಮೂರನೇ ಪ್ರಯತ್ನದಲ್ಲಿ ಸರಿಯಾಗಿ ಕೂತಿತು. ಆ ಹೊತ್ತಿಗೆ ಗೆಳೆಯನ ಪ್ಲಾಸ್ಟರ್ ಬಿಚ್ಚಿ ಹತ್ತು ದಿನ ಆಗಿತ್ತು. ಗಾಡಿ ಹತ್ರ ಬಂದವನು ನಮ್ಮ ಮುಖ ನೋಡಲಿಲ್ಲ. ಸೀದಾ ಗ್ರಿಪ್ ಹಿಡಿದು, ಮೊದಲು ಬಲಗೈಯಲ್ಲಿ, ಆಮೇಲೆ ಮೆಲ್ಲಗೆ ಎಡಗೈಯಲ್ಲಿ ತಿರುಚಿ ನೋಡಿದ. ಒಂದೊಂದು ತಂತಿಯನ್ನೂ ಬೆರಳಿನಿಂದ ಸವರಿದ. ಆಮೇಲೆ ಸ್ಟ್ಯಾಂಡ್ ತೆಗೆದ. ನಾವು ಬರೆದ ಯಾವ ಲ್ಯಾಬ್ ಎಕ್ಸಾಮಿನ ವೈವಾದಲ್ಲೂ ಅಷ್ಟು ಹೆದರಿಕೆ ಆಗಿರಲಿಲ್ಲ.

ಇನ್ನೊಂದು ಬಾಕಿ ಇತ್ತು. ಆಗ ಅವನ ಮನೆಗೆ "ಹಾಸ್ಟೆಲ್ ಬಚ್ಚಲಲ್ಲಿ ಜಾರಿ ಬಿದ್ದ" ಅಂತ ಎಲ್ಲರೂ ಸೇರಿ ಸುಳ್ಳು ಹೇಳಿದ್ವಿ. ಲೇಖನ ಬರೀತಾ ಇದ್ದ ಹಾಗೆ ಅದು ಚುಚ್ಚೋಕೆ ಶುರುವಾಯ್ತು. ಎಲ್ಲರಿಗೂ ಸತ್ಯ ಬರೆದು ಅವನ ಅಮ್ಮನಿಗೆ ಮಾತ್ರ ಸುಳ್ಳು ಉಳಿಸೋದು ಹೇಗೆ? ಅವನನ್ನು ಕೇಳಿಯೇ ಕಳೆದ ವಾರ ಫೋನ್ ಮಾಡಿದ್ವಿ. "ಆಂಟಿ, ಅವತ್ತು ಬಚ್ಚಲಲ್ಲ, ಬೈಕು. ಗ್ರಿಪ್ ಹಾಕಿದ್ದು ನಾವು" ಅಂದ್ವಿ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಬೈತಾರೆ ಅಂತ ಕಾಯ್ತಿದ್ವಿ. ಅವರು ಕೇಳಿದ್ದು ಒಂದೇ: "ಈಗಲಾದ್ರೂ ಗಟ್ಟಿಯಾಗಿ ಹಾಕಿದ್ದೀರೇನಪ್ಪಾ?"

ಹಾಕಿದ್ದೀವಿ ಆಂಟಿ. ನಾಲ್ಕೂ ಪರೀಕ್ಷೆ ಮಾಡಿದ್ದೀವಿ.

ಗೆಳೆಯರೇ, ಓದಿ ಮುಗಿಸಿದ ಮೇಲೆ ಒಂದು ಕೆಲಸ ಮಾಡಿ. ಡರ್ಟ್ ಬೈಕೇ ಆಗಬೇಕಿಲ್ಲ, ಸ್ಕೂಟಿ ಆದ್ರೂ ಸರಿ. ಪಾರ್ಕಿಂಗಿಗೆ ಹೋಗಿ ನಿಮ್ಮ ಗಾಡಿಯ ಎರಡೂ ಗ್ರಿಪ್ಪನ್ನು ಒಮ್ಮೆ ಗಟ್ಟಿಯಾಗಿ ತಿರುಚಿ ನೋಡಿ. ಎಕ್ಸಲೇಟರ್ ತಿರುಗಿಸಿ ಕೈ ಬಿಡಿ. ಸರಿದ್ರೆ, ಸಿಕ್ಕಿಕೊಂಡ್ರೆ, ಹಾಸ್ಟೆಲ್ ಹಿಂದಿನ ಶೆಡ್ಡಿಗೆ ಬನ್ನಿ. ಉಳಿದ ಅಂಟು, ತಂತಿ ನಮ್ಮ ಹತ್ರ ಇದೆ. ಸೋಪು ಮಾತ್ರ ತರಬೇಡಿ.